ಅಕ್ಕಿ ನೆನೆಹಾಕುವವರು ಯಾರು?

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅಂದರೆ ದೋಸೆ. ಮದುವೆಯಾದಾಗಿನಿಂದ ನಡೆದುಕೊಂಡು ಬಂದಿದ್ದು. ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ ಮೊದಲ ಸಲ ದೋಸೆ ಇರಲಿಲ್ಲ. ಹಿಂದಿನ ದಿನ ಯಾರೂ ಅಕ್ಕಿ ನೆನೆಹಾಕಿರಲಿಲ್ಲ.

ಯಾರೂ ಅಂದೆ, ಆದರೆ ಅದು ಹನ್ನೊಂದು ವರ್ಷದ ನನ್ನ ಮಗನ ಕೆಲಸವಾಗಿತ್ತು. ಆ ತಿಂಗಳಷ್ಟೇ ಅವನಿಗೆ ಒಪ್ಪಿಸಿದ್ದೆವು. ಅವನು ಮರೆತ. ನನಗೆ ನೆನಪಿತ್ತು. ನನ್ನ ಹೆಂಡತಿಗೆ ನೆನಪಿತ್ತು. ನಮ್ಮಮ್ಮನಿಗಂತೂ ಬೆಳಿಗ್ಗೆಯಿಂದ ಅದೇ ಧ್ಯಾನ. ಆದರೂ ಮೂವರೂ ಬಾಯಿ ಬಿಡಲಿಲ್ಲ. ಸಂಜೆ ನಾಲ್ಕು ಗಂಟೆಗೆ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು, ನಾನು ಬೇಡ ಅಂತ ತಲೆಯಾಡಿಸಿದೆ. ಬೆಳಿಗ್ಗೆ ಎದ್ದು ಬಂದವನು ತಟ್ಟೆಯಲ್ಲಿ ಉಪ್ಪಿಟ್ಟು ನೋಡಿ ‘ಇವತ್ತು ದೋಸೆ ಯಾಕೆ...’ ಅಂತ ಶುರು ಮಾಡಿದ, ಪೂರ್ತಿ ಕೇಳುವಷ್ಟರಲ್ಲಿ ಅವನಿಗೇ ಹೊಳೆಯಿತು. ಸುಮ್ಮನೆ ಕೂತು ಉಪ್ಪಿಟ್ಟು ತಿಂದ.

ಮಕ್ಕಳ ಕೈಯಲ್ಲಿ ಮನೆಕೆಲಸ ಕಡ್ಡಾಯವಾಗಿ ಮಾಡಿಸಬೇಕಾ ಅಂತ ಯಾರಾದರೂ ಕೇಳಿದರೆ ನಾನು ಹೌದು ಅಂತೀನಿ. ಮಗ, ಮಗಳು ಅನ್ನದೆ ಇಬ್ಬರ ಕೈಲೂ. ಆದರೆ ಕೆಲಸ ಅಂದರೆ ಏನು ಅನ್ನುವುದು ನನಗೆ ಅರ್ಥವಾಗಿದ್ದು ತೀರಾ ತಡವಾಗಿ, ನಲವತ್ತು ದಾಟಿದ ಮೇಲೆ.

ಯಾವುದೇ ಮನೆಕೆಲಸ ತಗೊಳ್ಳಿ, ಅದರಲ್ಲಿ ಎರಡು ಪಾಲಿದೆ. ಒಂದು ಕೈ ಮಾಡುವ ಪಾಲು. ಇನ್ನೊಂದು ತಲೆ ಹೊರುವ ಪಾಲು. ಅಕ್ಕಿ ತೊಳೆದು ನೀರಲ್ಲಿ ಹಾಕಲು ಐದು ನಿಮಿಷ ಸಾಕು. ಆದರೆ ನಾಳೆ ಭಾನುವಾರ, ಮಧ್ಯಾಹ್ನದೊಳಗೆ ನೆನೆಹಾಕದಿದ್ದರೆ ಸಂಜೆ ರುಬ್ಬೋಕಾಗಲ್ಲ, ಸಂಜೆ ರುಬ್ಬದಿದ್ದರೆ ಬೆಳಿಗ್ಗೆ ಹೊತ್ತಿಗೆ ಹುದುಗು ಬರಲ್ಲ, ಉದ್ದಿನಬೇಳೆ ಇದೆಯೋ ಖಾಲಿಯೋ ಅಂತ ಶುಕ್ರವಾರವೇ ಡಬ್ಬಿ ತೆಗೆದು ನೋಡಬೇಕು — ಈ ಲೆಕ್ಕವೆಲ್ಲ ಯಾರದೋ ಒಬ್ಬರ ತಲೆಯಲ್ಲಿ ಸದಾ ಓಡುತ್ತಾ ಇರಬೇಕು. ನಮ್ಮ ಭಾಷೆಯಲ್ಲಿ ಅಕ್ಕಿ ನೆನೆಯುವುದಕ್ಕೂ, ಮನಸ್ಸಲ್ಲಿ ನೆನೆಯುವುದಕ್ಕೂ ಒಂದೇ ಮಾತು. ಅಡುಗೆಮನೆಯಲ್ಲಿ ಎರಡೂ ಒಬ್ಬರೇ ಮಾಡುವುದು ಜಾಸ್ತಿ.

ನಾನು ಬೆಳೆದ ಮನೆಯಲ್ಲಿ ಅದನ್ನು ಮಾಡಿದ್ದು ಅಮ್ಮ. ಅಮ್ಮನ ನಂತರ ಅಕ್ಕ.

ನಮ್ಮದು ತಿಪಟೂರು ಕಡೆಯ ಹಳ್ಳಿ. ತೆಂಗಿನ ತೋಟ, ಎರಡು ಹಸು, ಒಂದು ಎಮ್ಮೆ. ನನಗಿಂತ ಅಕ್ಕ ಎರಡು ವರ್ಷ ದೊಡ್ಡವಳು. ಬೆಳಿಗ್ಗೆ ಐದೂವರೆಗೆ ಅವಳ ದಿನ ಶುರು. ಅಂಗಳ ಗುಡಿಸಿ ಸಗಣಿ ನೀರು ಹಾಕುವುದು, ರಂಗೋಲಿ, ಹಂಡೆ ಒಲೆಗೆ ಸೋಗೆ ತುರುಕಿ ನೀರು ಕಾಯಿಸುವುದು, ಬೋರ್‌ವೆಲ್ಲಿಂದ ನಾಲ್ಕು ಬಿಂದಿಗೆ ನೀರು. ನಾನು ಏನೂ ಮಾಡುತ್ತಿರಲಿಲ್ಲ ಅಂತಲ್ಲ. ನನಗೂ ಕೆಲಸವಿತ್ತು. ಡೈರಿಗೆ ಹಾಲು ಹಾಕಿ ಬರುವುದು ನನ್ನದು. ಕ್ಯಾನು ಹಿಡಿದು ಹೋಗಿ ಸಾಲಲ್ಲಿ ನಿಂತು, ಹಾಲಿಗೆ ನೀರು ಬೆರೆತಿಲ್ಲ ಅಂತ ಡಿಗ್ರಿ ನೋಡಿಸಿ, ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು ಬರುತ್ತಿದ್ದೆ. ದಾರಿಯಲ್ಲಿ ಸಿಕ್ಕವರೆಲ್ಲ ‘ಏನಪ್ಪ, ಅಪ್ಪಂಗೆ ಒಳ್ಳೆ ಆಸರೆ ಆಗಿದೀಯ’ ಅನ್ನೋರು. ಬಟವಾಡೆ ದಿನ ದುಡ್ಡು ತಂದು ಅಪ್ಪನ ಕೈಗಿಡುವವನೂ ನಾನೇ.

ಈಗ ಯೋಚಿಸಿದರೆ, ಆ ಕ್ಯಾನನ್ನು ಹಿಂದಿನ ರಾತ್ರಿಯೇ ತೆಂಗಿನ ನಾರಲ್ಲಿ ಉಜ್ಜಿ ಬೋರಲು ಹಾಕಿಡುತ್ತಿದ್ದವಳು ಅಕ್ಕ. ಪಾಸ್‌ಬುಕ್ ಗೂಡಿನಲ್ಲಿ ಎಲ್ಲಿದೆ ಅಂತ ಗೊತ್ತಿದ್ದವಳು ಅಕ್ಕ. ‘ಲೋ, ಹೊತ್ತಾಯ್ತು, ಡೈರಿ ಬಾಗಿಲು ಹಾಕ್ತಾರೆ’ ಅಂತ ನನ್ನನ್ನು ಎಬ್ಬಿಸುತ್ತಿದ್ದವಳೂ ಅವಳೇ. ನನ್ನ ಕೆಲಸದ ಕೈಪಾಲು ಮಾತ್ರ ನನ್ನದು, ತಲೆಪಾಲು ಅವಳದು. ಹೊಗಳಿಕೆ ನನಗೆ.

1997ರಲ್ಲಿ ನನಗೆ ಎಸ್ಸೆಸ್ಸೆಲ್ಸಿ, ಅವಳಿಗೆ ಸೆಕೆಂಡ್ ಪಿಯುಸಿ. ಅದೇ ಹೊತ್ತಿಗೆ ಅಮ್ಮನಿಗೆ ಜ್ವರ ಬಂದು ಹತ್ತು ಹನ್ನೆರಡು ದಿನ ಹಾಸಿಗೆ ಹಿಡಿದಳು. ಅಕ್ಕ ಮುದ್ದೆಗೆ ಎಸರಿಟ್ಟು, ಒಲೆ ಪಕ್ಕದ ಗೋಡೆಗೆ ಪುಸ್ತಕ ಒರಗಿಸಿಕೊಂಡು, ಉರಿ ನೋಡುತ್ತಾ ಓದುತ್ತಿದ್ದಳು. ಅವಳ ಕೆಮಿಸ್ಟ್ರಿ ಪುಸ್ತಕದ ಮೂಲೆ ಸುಟ್ಟು ಕಪ್ಪಾಗಿತ್ತು. ನಾನು ನಡುಮನೆಯಲ್ಲಿ ಲಾಟೀನು ಹಚ್ಚಿಕೊಂಡು ಕೂತಿದ್ದೆ. ಒಂದು ಸಲ ಎದ್ದು ಹೋಗಿ ‘ಏನಾದ್ರೂ ಮಾಡ್ಲಾ?’ ಅಂತ ಕೇಳಿದ್ದು ನೆನಪಿದೆ. ಒಳಗಿನಿಂದ ಅಮ್ಮ ಆ ಜ್ವರದಲ್ಲೇ ‘ಅವನಿಗೆ ಓದೋಕ್ ಬಿಡವ್ವ’ ಅಂದಳು. ಅಕ್ಕ ‘ಹೋಗು, ಓದ್ಕೋ’ ಅಂದಳು. ನಾನು ಹೋದೆ. ನನಗೆ ಫಸ್ಟ್ ಕ್ಲಾಸ್ ಬಂತು, ಬೀದಿಗೆಲ್ಲ ಸ್ವೀಟ್ ಹಂಚಿದರು. ಅವಳಿಗೆ ಸೆಕೆಂಡ್ ಕ್ಲಾಸ್. ‘ಪಾಸಾಯ್ತಲ್ಲ ಬಿಡು’ ಅಂದರು. ಮಾರನೇ ವರ್ಷ ಮದುವೆ.

ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಅವರಮ್ಮ ಹೇಳಿಕೊಟ್ಟಿದ್ದೇ ಅದು. ಆದರೆ ಆ ಮನೆಯಲ್ಲಿ ಕಡ್ಡಾಯ ಇರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಕಡ್ಡಾಯ ಇತ್ತು, ಒಬ್ಬರಿಗೆ ಮಾತ್ರ. ಅದಕ್ಕೆ ಮನೆಕೆಲಸ ಕಡ್ಡಾಯ ಬೇಕಾ ಬೇಡವಾ ಅನ್ನುವ ಚರ್ಚೆ ಕೇಳಿದಾಗಲೆಲ್ಲ ನನಗೆ ಅನ್ನಿಸುತ್ತೆ, ನಾವು ಮಾತಾಡುತ್ತಾ ಇರುವುದು ಗಂಡುಮಕ್ಕಳ ವಿಷಯ. ಹೆಣ್ಣುಮಕ್ಕಳಿಗೆ ಯಾರೂ ಚರ್ಚೆ ಮಾಡಿ ಕೆಲಸ ಕೊಟ್ಟಿಲ್ಲ.

ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿಯವರು 2019ರಲ್ಲಿ ಒಂದು ಸಮೀಕ್ಷೆ ಮಾಡಿದ್ದರು, ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ. ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಅರ್ಧರ್ಧ ಗಂಟೆ ಏನು ಮಾಡಿದಿರಿ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಆರು ವರ್ಷದ ಮಕ್ಕಳಿಂದ ಹಿಡಿದು ಎಲ್ಲರೂ ಆ ಲೆಕ್ಕದಲ್ಲಿದ್ದಾರೆ. ಸಂಬಳವಿಲ್ಲದ ಮನೆಕೆಲಸಕ್ಕೆ ಕೈ ಹಾಕಿದವರು ಹೆಂಗಸರಲ್ಲಿ ನೂರಕ್ಕೆ 81.2, ಗಂಡಸರಲ್ಲಿ 26.1. ಕೈ ಹಾಕಿದವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು 97. ಅದೇ ಸಮೀಕ್ಷೆ 2024ರಲ್ಲಿ ಮತ್ತೆ ಆಯ್ತು. ಹೆಂಗಸರದು 289 ನಿಮಿಷಕ್ಕೆ ಇಳಿದಿತ್ತು. ಮಿಕ್ಸಿ, ಗ್ಯಾಸು, ವಾಷಿಂಗ್ ಮೆಷಿನ್ ಬಂದಿದ್ದಕ್ಕೋ ಏನೋ. ಗಂಡಸರದು ಏರಿರಬೇಕಲ್ವಾ ಅಂತ ನೋಡಿದರೆ ಅದೂ ಇಳಿದು 88ಕ್ಕೆ ಬಂದಿತ್ತು. ಅದನ್ನು ಓದಿದ ದಿನ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಇದು ಅರ್ಧರ್ಧ ಗಂಟೆಯ ಲೆಕ್ಕ, ಕೈಗೆಲಸದ ಲೆಕ್ಕ. ಬಸ್ಸಿನಲ್ಲಿ ಕೂತು, ಆಫೀಸಿನಲ್ಲಿ ಕೂತು ‘ಅಯ್ಯೋ ಅಕ್ಕಿ ನೆನೆಹಾಕಿಲ್ಲ’ ಅಂತ ಒಬ್ಬಳು ಅಂದುಕೊಂಡಿದ್ದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ?

ಇನ್ನು ಓದಿಗೆ ತೊಂದರೆ ಆಗುತ್ತೆ ಅನ್ನುವ ಮಾತು. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಬೆಂಗಳೂರಿನ ಮಕ್ಕಳು ಬೆಳಿಗ್ಗೆ ಏಳಕ್ಕೆ ಸ್ಕೂಲ್ ಬಸ್ ಹತ್ತಿ ಸಂಜೆ ಸುಸ್ತಾಗಿ ಬರುತ್ತವೆ, ಆಮೇಲೆ ಟ್ಯೂಷನ್ನು, ಅಬಾಕಸ್ಸು. ಆದರೆ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ. ಹುಡುಗಿಯರು ನೂರಕ್ಕೆ 81.11 ಪಾಸು, ಹುಡುಗರು 65.90. ಪತ್ರಿಕೆಯಲ್ಲಿ ವರ್ಷ ವರ್ಷ ‘ಬಾಲಕಿಯರದೇ ಮೇಲುಗೈ’ ಅಂತ ಬರುತ್ತೆ. ಪಾತ್ರೆ ತೊಳೆದಿದ್ದಕ್ಕೇ ಅವರು ಪಾಸಾದರು ಅಂತ ನಾನು ಹೇಳುತ್ತಿಲ್ಲ, ಪಾತ್ರೆ ತೊಳೆಯದಿದ್ದರೆ ಇನ್ನೂ ಎಷ್ಟು ಮೇಲೆ ಹೋಗುತ್ತಿದ್ದರೋ. ನಾನು ಹೇಳುವುದು ಇಷ್ಟೇ, ಮಗನನ್ನು ಓದಿನ ಹೆಸರಲ್ಲಿ ಕೂರಿಸಿ ಕಾಪಾಡಿದ್ದರಿಂದ ಅವನ ಓದು ಉದ್ಧಾರವಾಯಿತು ಅಂತ ಹೇಳಲು ನಮ್ಮ ಹತ್ತಿರ ಆಧಾರವಿಲ್ಲ. ವಾರಕ್ಕೆ ಒಂದು ಜವಾಬ್ದಾರಿ, ಎಲ್ಲ ಸೇರಿ ಒಂದು ಗಂಟೆ. ಅಷ್ಟು ಹೊತ್ತು ಯಾವ ಮಗುವಿನ ಫೋನಿನಲ್ಲೂ ಇರುತ್ತೆ.

ನನ್ನ ಸ್ನೇಹಿತನೊಬ್ಬ ಅರಸೀಕೆರೆಯವನು, ಈಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಇದು ಕಾನೂನಿನಲ್ಲೇ ಇದೆ ಅಂತ ಅವನು ಹೇಳಿದಾಗ ನಂಬಲಿಲ್ಲ, ಆಮೇಲೆ ಓದಿ ನೋಡಿದೆ. ಅವರ ಸಿವಿಲ್ ಕಾಯ್ದೆಯ 1619ನೇ ಸೆಕ್ಷನ್: ಅಪ್ಪ ಅಮ್ಮನ ಮನೆಯಲ್ಲಿದ್ದು ಅವರ ಆಸರೆಯಲ್ಲಿರುವ ಮಗು ತನ್ನ ಶಕ್ತಿಗೂ ಸ್ಥಿತಿಗೂ ತಕ್ಕಂತೆ ಮನೆಯ ಕೆಲಸದಲ್ಲಿ, ಅವರ ಕಸುಬಿನಲ್ಲಿ ನೆರವಾಗಬೇಕು. ಮಗ ಮಗಳು ಅಂತ ಬೇರೆ ಮಾಡಿಲ್ಲ, ಮಗು ಅಷ್ಟೇ. ನಮ್ಮ ಕಾನೂನು ಇದನ್ನು ಇನ್ನೊಂದು ಕಡೆಯಿಂದ ಮುಟ್ಟುತ್ತೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದಾಗ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಅಂತ ಮಾಡಿದರು. ಆದರೆ ಶಾಲೆ ಮುಗಿದ ಮೇಲೋ ರಜೆಯಲ್ಲೋ ಮನೆಯವರಿಗೆ, ಮನೆಯ ಕಸುಬಿಗೆ ನೆರವಾಗಬಹುದು, ಅಪಾಯದ ಕೆಲಸ ಆಗಿರಬಾರದು ಅಂತ ಬಿಟ್ಟರು. ಮಾಡಬಹುದು ಅಂತಿದೆ, ಮಾಡಬೇಕು ಅಂತಿಲ್ಲ. ನಮ್ಮಂಥ ದೇಶಕ್ಕೆ ಅದೇ ಸರಿ ಅನ್ನಿಸುತ್ತೆ. ‘ಮಾಡಬೇಕು’ ಅಂತ ಕಾನೂನಿನಲ್ಲಿ ಬರೆದರೆ ಆ ಸಾಲು ಯಾವ ಮಗುವಿನ ಬೆನ್ನ ಮೇಲೆ ಹೋಗಿ ಬೀಳುತ್ತೆ ಅಂತ ನಮಗೆಲ್ಲ ಗೊತ್ತು.

ಗೊತ್ತಿಲ್ಲದಿದ್ದರೆ ಮಾಲೂರಿನ ಸುದ್ದಿ ನೆನಪಿಸಿಕೊಳ್ಳಿ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ತೊಳೆಸಿದ್ದು ಹೊರಬಂತು. ದಲಿತ ಮಕ್ಕಳು. ಆಮೇಲೆ ಮಕ್ಕಳ ಕೈಲಿ ಶೌಚಾಲಯ ತೊಳೆಸಬಾರದು ಅಂತ ಶಿಕ್ಷಣ ಇಲಾಖೆ ಆದೇಶ ಹೊರಡಿಸಿತು. ಆಗ ಕೆಲವರು, ಜಪಾನಿನಲ್ಲಿ ಶಾಲೆ ಮಕ್ಕಳೇ ಗುಡಿಸಿ ಒರೆಸುತ್ತಾರಲ್ಲ ಅಂದರು. ಅಲ್ಲಿ ತರಗತಿಯ ಎಲ್ಲ ಮಕ್ಕಳೂ ಸರದಿಯಲ್ಲಿ ಪೊರಕೆ ಹಿಡಿಯುತ್ತಾರೆ. ಇಲ್ಲಿ ಪೊರಕೆ ಯಾರ ಕೈಗೆ ಹೋಗಬೇಕು ಅಂತ ಮಗು ಹುಟ್ಟುವ ಮೊದಲೇ ತೀರ್ಮಾನ ಮಾಡಿಟ್ಟಿರುತ್ತೇವೆ. ಮನೆಯೊಳಗೆ ಮಗಳ ಕೈಗೆ, ಊರೊಳಗೆ ಒಂದು ಕೇರಿಯ ಮಕ್ಕಳ ಕೈಗೆ. ಎರಡರ ಬೇರೂ ಒಂದೇ ಅಂತ ನನಗನ್ನಿಸುತ್ತೆ. ಕೆಲಸವನ್ನು ಶಿಕ್ಷೆಯಾಗಿ ಕೊಡುವುದೂ ಅದೇ ಜಾತಿಗೆ ಸೇರಿದ ತಪ್ಪು. ‘ಮಾರ್ಕ್ಸ್ ಕಡಿಮೆ ಬಂತು, ಹೋಗಿ ಪಾತ್ರೆ ತೊಳಿ’ ಅಂದ ಕ್ಷಣ, ಪಾತ್ರೆ ತೊಳೆಯುವವರೆಲ್ಲ ಸೋತವರು ಅಂತ ಮಗುವಿಗೆ ಹೇಳಿಕೊಟ್ಟ ಹಾಗಾಯ್ತು.

ಇದು ನನಗೆ ಹೊಡೆದು ಹೇಳಿದ ಹಾಗೆ ಗೊತ್ತಾಗಿದ್ದು ಕಳೆದ ವರ್ಷದ ಬೇಸಿಗೆ ರಜೆಯಲ್ಲಿ. ನಮ್ಮ ಮನೆಗೆ ಪಾತ್ರೆ ತೊಳೆಯಲು, ನೆಲ ಒರೆಸಲು ಬರುವವರು ಒಂದು ದಿನ ಮಗಳನ್ನೂ ಕರೆದುಕೊಂಡು ಬಂದರು. ಹನ್ನೆರಡು ವರ್ಷದ ಹುಡುಗಿ. ರಜೆ, ಮನೆಯಲ್ಲಿ ಒಬ್ಬಳನ್ನೇ ಬಿಡೋಕಾಗಲ್ಲ ಅಂದರು. ನಾನು ಫೋನಿನಲ್ಲಿದ್ದೆ. ತಿರುಗಿ ನೋಡುವಷ್ಟರಲ್ಲಿ ಆ ಹುಡುಗಿ ಸಿಂಕಿನ ಮುಂದೆ ನಿಂತು ನನ್ನ ಮಗ ತಿಂದಿಟ್ಟ ತಟ್ಟೆ ಉಜ್ಜುತ್ತಿದ್ದಳು. ಅವನು ಸೋಫಾ ಮೇಲೆ ಮಾವಿನ ಹಣ್ಣು ತಿನ್ನುತ್ತಿದ್ದ. ಅವರಿಬ್ಬರಿಗೂ ಒಂದೇ ವರ್ಷದ ಅಂತರ. ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ 2006ರ ಅಕ್ಟೋಬರ್ 10ರಿಂದಲೇ ನಿಷೇಧವಿದೆ. ನಾನು ಇಟ್ಟುಕೊಂಡಿರಲಿಲ್ಲ ನಿಜ, ಆದರೆ ತಟ್ಟೆ ಅವಳ ಕೈಯಲ್ಲಿತ್ತು. ‘ಬೇಡಮ್ಮ, ಬಿಡು’ ಅಂತ ಕರೆದೆ. ಅವರಮ್ಮ ‘ಪರವಾಗಿಲ್ಲ ಸಾರ್, ಅವಳಿಗೆ ಅಭ್ಯಾಸ. ಹೇಳೋದೇ ಬೇಡ, ಎಲ್ಲ ನೆನಪಿಟ್ಕೊಂಡು ಮಾಡ್ತಾಳೆ’ ಅಂದರು, ಹೆಮ್ಮೆಯಿಂದ. ಅದನ್ನೇ ನಮ್ಮಮ್ಮ ಅಕ್ಕನ ಬಗ್ಗೆ ಊರಿಗೆಲ್ಲ ಹೇಳುತ್ತಿದ್ದಳು, ಇದೇ ಮಾತಲ್ಲಿ.

ಅವತ್ತು ಸಂಜೆಯಿಂದ ನಮ್ಮ ಮನೆಯಲ್ಲಿ ತಿಂದ ತಟ್ಟೆ ಅವರವರೇ ತೊಳೆಯುವುದು ಅಂತಾಯ್ತು, ನಾನೂ ಸೇರಿ. ಜೂನ್‌ನಲ್ಲಿ ದೋಸೆಹಿಟ್ಟು ಮಗನಿಗೆ ಹೋಯಿತು. ದುಡ್ಡು ಗಿಡ್ಡು ಏನಿಲ್ಲ. ತಟ್ಟೆಗೆ ಇಷ್ಟು, ಕಸಕ್ಕೆ ಇಷ್ಟು ಅಂತ ಮಕ್ಕಳಿಗೆ ಕೊಡುವ ಮನೆಗಳಿವೆ, ನನಗೆ ಅದು ಒಗ್ಗುವುದಿಲ್ಲ.

ಕಲಿಸಿದ್ದು ನಮ್ಮಮ್ಮ. ಮೊದಲು ಒಪ್ಪಲಿಲ್ಲ. ‘ಗಂಡ್ ಮಗೀನ್ ಕೈಲಿ ಅಕ್ಕಿ ತೊಳ್ಸ್ತೀಯೇನಪ್ಪ’ ಅಂತ ಎರಡು ದಿನ ಮಾತು ಬಿಟ್ಟಳು. ಆಮೇಲೆ ಅವನು ಅಕ್ಕಿಯನ್ನು ಕಾಫಿ ಲೋಟದಲ್ಲಿ ಅಳೆಯುವುದು ನೋಡಲಾರದೆ ತಾನೇ ಎದ್ದು ಬಂದು ಪೆಟ್ಟಿಗೆಯಿಂದ ಹಳೇ ಹಿತ್ತಾಳೆ ಪಾವು ತೆಗೆದುಕೊಟ್ಟಳು. ನಾಲ್ಕು ಪಾವು ಅಕ್ಕಿ, ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ರುಬ್ಬುವ ಮುಂಚೆ ಒಂದು ಹಿಡಿ ಅವಲಕ್ಕಿ. ಎಷ್ಟು ಸಲ ತೊಳೀಬೇಕು ಅಜ್ಜಿ ಅಂತ ಅವನು ಕೇಳಿದ. ‘ಸಲ ಎಣಿಸ್ಬೇಡ, ನೀರು ನೋಡು’ ಅಂದಳು. ಮೊದಲ ನೀರು ಹಾಲಿನ ಹಾಗೆ ಬಂತು. ಆ ಅಕ್ಕಚ್ಚನ್ನು ಸಿಂಕಿಗೆ ಚೆಲ್ಲಲು ಹೋದವನ ಕೈ ಹಿಡಿದು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಹಾಕಿಸಿದಳು. ಊರಲ್ಲಾಗಿದ್ದರೆ ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು. ಅದನ್ನೂ ಹೇಳಿದಳು. ಗ್ರೈಂಡರ್ ಪ್ಲಗ್ ಕಿತ್ತ ಮೇಲೆಯೇ ಒಳಗೆ ಕೈ ಹಾಕಬೇಕು ಅನ್ನುವುದನ್ನು ಮಾತ್ರ ನಾನು ನಿಂತು, ಹತ್ತು ಸಲ ಹೇಳಿ, ಮಾಡಿಸಿ ನೋಡಿದೆ.

ನಮಗೆ ನಾವೇ ಒಂದು ಕಟ್ಟು ಹಾಕಿಕೊಂಡೆವು: ಅವನಿಗೆ ಯಾರೂ ನೆನಪಿಸಬಾರದು. ಕಲಿಸುವುದಕ್ಕಿಂತ ಇದು ಸಾವಿರ ಪಾಲು ಕಷ್ಟ. ಉಪ್ಪಿಟ್ಟಿನ ಭಾನುವಾರ ಆದ ಮುಂದಿನ ವಾರ ಅವನು ನೆನಪಿಟ್ಟುಕೊಂಡು ಹನ್ನೊಂದು ಗಂಟೆಗೇ ನೆನೆಹಾಕಿದ. ಅಮ್ಮ ಮಾತ್ರ ಮೊಮ್ಮಗನಿಗೆ ಮತ್ತೆ ಬೇಜಾರಾಗುವುದು ಬೇಡ ಅಂತ ಬೆಳಿಗ್ಗೆಯೇ ಎದ್ದು ಕದ್ದು ನೆನೆಹಾಕಿ, ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಪ್ಲಾಟ್‌ಫಾರಂ ಕೆಳಗೆ ಇಟ್ಟಿದ್ದಳು. ಆ ವಾರ ನಾವು ಬುಧವಾರದವರೆಗೆ ದೋಸೆ ತಿಂದೆವು. ಆಮೇಲಿನ ತಿಂಗಳು ಮತ್ತೆ ಒಂದು ಸಲ ಮರೆತ. ಒಂದು ಸಲ ಪಾತ್ರೆ ತುಂಬಾ ಹಿಟ್ಟು ಸುರಿದು, ರಾತ್ರಿ ಉಕ್ಕಿ, ಒಲೆ ಕಟ್ಟೆಯ ಮೇಲೆಲ್ಲ ಹರಿದಿತ್ತು. ಅವನೇ ಒರೆಸಿದ. ಒಣಗಿದ ದೋಸೆಹಿಟ್ಟು ಕಲ್ಲಿನಿಂದ ಬಿಡುವುದು ಎಷ್ಟು ಕಷ್ಟ ಅಂತ ಒರೆಸಿದವರಿಗೇ ಗೊತ್ತು.

ಇದೆಲ್ಲದರ ನಡುವೆ ನಾನು ಯೋಚಿಸದೇ ಇದ್ದದ್ದು ಒಂದಿತ್ತು. ನನ್ನ ಮಗಳಿಗೆ ಏಳು ವರ್ಷ. ಗಿಡಕ್ಕೆ ನೀರು ಹಾಕುವುದು ಅವಳ ಪಾಲು. ಒಂದು ಶನಿವಾರ ಅವನು ಆಟದಲ್ಲಿ ಮುಳುಗಿದ್ದಾಗ ಇವಳು ರೂಮಿನ ಬಾಗಿಲಿಗೆ ಹೋಗಿ ಮೆಲ್ಲಗೆ ‘ಅಣ್ಣ, ಅಕ್ಕಿ’ ಅಂದಿದ್ದು ಕೇಳಿಸಿತು. ಎರಡೇ ಮಾತು. ನನ್ನ ಎದೆ ಧಸಕ್ಕೆಂದಿತು. ಅದು ಅಕ್ಕನ ದನಿ. ‘ಲೋ, ಹೊತ್ತಾಯ್ತು, ಡೈರಿ ಬಾಗಿಲು ಹಾಕ್ತಾರೆ.’ ಅವಳಿಗೆ ಯಾರೂ ಹೇಳಿರಲಿಲ್ಲ. ಎಷ್ಟು ವಾರದಿಂದ ಹೀಗೆ ನಡೆಯುತ್ತಿತ್ತೋ. ಅವನು ಈಗೀಗ ಮರೆಯುತ್ತಿಲ್ಲ ಅಂತ ನಾವು ಖುಷಿಯಾಗಿದ್ದೆವು, ತಲೆಪಾಲು ಸದ್ದಿಲ್ಲದೆ ಇವಳ ಹೆಗಲಿಗೆ ಬಂದು ಕೂತಿತ್ತು.

ಹತ್ತಿರ ಕೂರಿಸಿಕೊಂಡು ‘ಪುಟ್ಟಿ, ಅದು ಅಣ್ಣನ ಕೆಲಸ, ನೀನು ನೆನಪಿಸಬೇಡ’ ಅಂದೆ. ‘ಮತ್ತೆ ಅವನು ಮರೆತ್ರೆ?’ ಅಂದಳು. ‘ಮರೀಲಿ’ ಅಂದೆ. ‘ನಂಗೆ ದೋಸೆ ಬೇಕು’ ಅಂದಳು. ಅವಳ ಮಾತೂ ನಿಜ. ಏಳು ವರ್ಷದ ಮಗುವಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು? ಒಳ್ಳೆಯ ಗುಣವನ್ನೇ ತಡೆದ ಹಾಗೆ ಅನ್ನಿಸಿ ಒಂದು ನಿಮಿಷ ಸಂಕಟವಾಯ್ತು. ಕೊನೆಗೆ ಮಗನನ್ನೂ ಕರೆದು ಇಬ್ಬರಿಗೂ ಅತ್ತೆಯ ಕಥೆ ಹೇಳಿದೆ. ಕ್ಯಾನು, ಪಾಸ್‌ಬುಕ್ಕು, ಮೂಲೆ ಸುಟ್ಟ ಕೆಮಿಸ್ಟ್ರಿ ಪುಸ್ತಕ, ಎಲ್ಲ. ಮಗ ಏನೂ ಮಾತಾಡಲಿಲ್ಲ. ಮಾರನೇ ದಿನ ನೋಡಿದರೆ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದ. ‘ಶುಕ್ರ: ಬೇಳೆ ಡಬ್ಬಿ ನೋಡು. ಶನಿ 11: ಅಕ್ಕಿ.’ ಕೆಳಗೆ ದಪ್ಪ ಅಕ್ಷರದಲ್ಲಿ ತಂಗಿಯ ಹೆಸರು ಬರೆದು, ‘ನೀನು ಹೇಳ್ಬೇಡ’.

ಈ ಸಲ ಗೌರಿ ಹಬ್ಬಕ್ಕೆ ಅಕ್ಕ ಬಂದಿದ್ದಳು. ಹಬ್ಬ ಮುಗಿದ ಮೇಲೂ ಅಮ್ಮನ ಜೊತೆ ನಾಲ್ಕು ದಿನ ಇದ್ದಳು. ಶನಿವಾರ ರಾತ್ರಿ ಊಟ ಮುಗಿಸಿ ಎಲ್ಲರೂ ಮಾತಾಡುತ್ತಾ ಕೂತಿದ್ದೆವು. ಮಾತಿನ ನಡುವೆ ಅಕ್ಕ ಥಟ್ಟನೆ ನಿಲ್ಲಿಸಿ, ‘ಅಯ್ಯೋ, ನಾಳೆ ಭಾನುವಾರ, ಹಿಟ್ಟು ರುಬ್ಬಿದೀರಾ?’ ಅಂತ ಏಳಲು ಹೋದಳು. ಇಪ್ಪತ್ತೇಳು ವರ್ಷವಾಯ್ತು ಮದುವೆಯಾಗಿ, ಬಂದಿದ್ದು ತಮ್ಮನ ಮನೆಗೆ, ಆದರೂ ಅವಳ ತಲೆಗೆ ಬಿಡುವಿಲ್ಲ.

‘ಕೂತ್ಕೊಳಿ ಅತ್ತೆ, ಏಳು ಗಂಟೆಗೇ ರುಬ್ಬಿ ಆಯ್ತು’ ಅಂದ ಮಗ.

ಅಕ್ಕ ಅವನನ್ನು ನೋಡಿದಳು, ಆಮೇಲೆ ನನ್ನನ್ನು. ಏನೂ ಅನ್ನದೆ ಎದ್ದು ಅಡುಗೆಮನೆಗೆ ಹೋದಳು. ಅವನೂ ಹಿಂದೆಯೇ ಹೋದ. ಮುಚ್ಚಳ ತೆಗೆದ ಸದ್ದಾಯ್ತು. ಬೆರಳಲ್ಲಿ ಹಿಟ್ಟು ಮುಟ್ಟಿ ನಾಲಿಗೆಗೆ ಇಟ್ಟುಕೊಂಡಿರಬೇಕು.

‘ಉಪ್ಪು ಹಾಕೇ ಇಲ್ವಲ್ಲೋ.’

‘ಬೆಳಿಗ್ಗೆ ಹಾಕ್ತೀನಿ ಅತ್ತೆ. ಚಳಿ ಇದೆ ಅಲ್ವಾ, ಈಗ್ಲೇ ಹಾಕಿದ್ರೆ ಉಬ್ಬಲ್ಲ.’